ಅಕ್ಕನ ನೋವಿನ ಸರಾಸರಿ

ಭಾವ,

ಅಕ್ಕನಿಗೆ ಹೆರಿಗೆ ನೋವು ಆರಂಭವಾದದ್ದು ಬೆಳಿಗ್ಗೆ ಏಳೂಕಾಲಿಗೆ, ನೀವು ಕೆಲಸಕ್ಕೆ ಹೊರಟ ಹತ್ತು ನಿಮಿಷದ ಮೇಲೆ. ಮೊದಲು ಹದಿನೈದು ನಿಮಿಷಕ್ಕೊಮ್ಮೆ ಬರುತ್ತಿತ್ತು. ಹತ್ತು ಗಂಟೆಗೆ ಐದು ನಿಮಿಷಕ್ಕೊಮ್ಮೆ ಆಯಿತು, ಈಗ ಹನ್ನೊಂದೂವರೆಗೆ ಮೂರು ನಿಮಿಷಕ್ಕೊಮ್ಮೆ. ನೀರಿನ ಚೀಲವೂ ಒಡೆದಿದೆ. ಟ್ಯಾಕ್ಸಿಗೆ ಕಾಯುತ್ತಿದ್ದೇವೆ.

ನಿಮಗೆ ಏಳು ಸಲ ಫೋನ್ ಮಾಡಿದೆ. ಏಳು ಸಲವೂ ಅದು ಫ್ರಿಜ್ ಮೇಲೆಯೇ ರಿಂಗಾಯಿತು. ಈಗಲಾದರೂ ಜೇಬಿಗೆ ಹಾಕಿಕೊಳ್ಳಿ. ದೊಡ್ಡವಳನ್ನು ಶಾಲೆಯಿಂದ ಪಕ್ಕದ ಮನೆಯವರು ಕರೆತರುತ್ತಾರೆ. ಆಸ್ಪತ್ರೆಯ ಫೈಲು ನನ್ನ ಬಳಿ ಇದೆ. ಮಗುವಿಗೆಂದು ಒಗೆದ ಬಟ್ಟೆಗಳು ತಂತಿಯ ಮೇಲಿವೆ, ಒಣಗಿದವನ್ನು ತನ್ನಿ. ಊಟ ಮುಚ್ಚಿಟ್ಟಿದ್ದೇನೆ, ಎರಡು ತುತ್ತಾದರೂ ತಿಂದು ಹೊರಡಿ.

ಇನ್ನೊಂದು ವಿಷಯವನ್ನು ನಾನೇ ಹೇಳಬೇಕು. "ಎರಡನೇದು ಬೇಗ ಆಗುತ್ತೆ, ಐದು ನಿಮಿಷಕ್ಕೊಂದು ಸಲ ಬಂದ್ರೆ ಹೊರಟುಬಿಡಿ" ಎಂದು ನರ್ಸ್ ನನ್ನ ಬಳಿಯೇ ಹೇಳಿದ್ದರು. ನಾನು ಬೆಳಗಿನಿಂದ ಬಂದ ಎಲ್ಲ ನೋವುಗಳ ನಡುವಿನ ಅಂತರದ ಸರಾಸರಿ ತೆಗೆಯುತ್ತ ಕುಳಿತೆ. ಮೊದಲಿನ ದೀರ್ಘ ಅಂತರಗಳೂ ಸೇರಿದ್ದರಿಂದ ಅದು ಆರು ನಿಮಿಷಕ್ಕಿಂತ ಕೆಳಗಿಳಿಯಲೇ ಇಲ್ಲ. ಅಕ್ಕ ಗೋಡೆ ಹಿಡಿದು ನಿಂತು, "ಹೆರೋದು ನಾನು ಕಣೇ, ನಿನ್ನ ಸರಾಸರಿ ಅಲ್ಲ. ಗಾಡಿ ಕರಿ" ಎಂದಳು. ಆಗಲೂ ನಾನು ಇನ್ನೊಮ್ಮೆ ಕೂಡಿ ನೋಡಿದೆ. ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ.

ನಾವು ಹೊರಡಬೇಕಿದ್ದದ್ದು ಹತ್ತು ಗಂಟೆಗೆ. ನಾನು ಒಂದೂವರೆ ಗಂಟೆ ತಡ ಮಾಡಿದ್ದೇನೆ.