ಹಿಂದಿನ ಗೇಟಿನಿಂದ ಬಂದ ಸೊಸೆ

ಮಾವಾ,

ನೀವಿದ್ದಿದ್ದರೆ ಈ ಸುದ್ದಿಯನ್ನು ಸ್ಟೇಷನ್ನಿನಿಂದ ಮನೆಗೆ ನಡೆಯುವ ದಾರಿಯಲ್ಲೇ ಹೇಳಿ ಮುಗಿಸುತ್ತಿದ್ದೆ. ಈಗ ಯಾರಿಗೆ ಹೇಳಲಿ? ನಿಮ್ಮ ಮಗನಿಗೆ ಹೇಳಿದೆ. "ಒಳ್ಳೇದಾಯ್ತು ಬುಡು" ಅಂದು ಹಸುಗಳಿಗೆ ಹುಲ್ಲು ಹಾಕಲು ಹೋದರು. ಅತ್ತೆಗೆ ಹೇಳಿದೆ, ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೂ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಹೋದೆ ಅನ್ನುವುದು ಮರೆತು ವಾಪಸು ಬರುತ್ತೇನೆ. ಹೇಳಲೇಬೇಕಾದವರಿಗೆ ಇನ್ನೂ ಹೇಳಿಲ್ಲವಲ್ಲ, ಅದಕ್ಕೇ ಇರಬೇಕು.

ಮದುವೆಯಾಗಿ ಶೀಳನೆರೆಯಿಂದ ಪಾಂಡವಪುರಕ್ಕೆ ಬಂದ ಹೊಸದರಲ್ಲಿ ನೀವು ಬೆರಳು ತೋರಿಸಿ ನಿಮ್ಮ ಕೆಲಸ ವಿವರಿಸಿದ್ದು ನೆನಪಾಗುತ್ತದೆ. ತಾಮ್ರದ ತಂತಿ ಎಳೆದೆಳೆದು ಬೆರಳ ತುದಿಗಳಲ್ಲಿ ಗೆರೆ ಬಿದ್ದಿದ್ದವು. "ಮೋಟ್ರು ಅಂದ್ರೆ ಏನವ್ವಾ? ಮ್ಯಾಲೆ ಕಬ್ಬಿಣ, ಒಳಗೆ ನಾವು ಸುತ್ತಿದ್ ತಂತಿ, ಅಷ್ಟೇಯ" ಅಂದಿದ್ದಿರಿ. ಶ್ರೀರಂಗಪಟ್ಟಣದಾಚೆಯ ಪಂಪ್‌ಸೆಟ್ ಕಾರ್ಖಾನೆಗೆ ನೀವು ಮೀಸೆ ಚಿಗುರುವ ವಯಸ್ಸಿನಲ್ಲೇ ಸೇರಿದವರು. ಕಾಯಂ ನೌಕರರು, ಯೂನಿಯನ್ನಿನ ಕಾರ್ಯದರ್ಶಿ. ನೀವು ಬೀದಿಯಲ್ಲಿ ಬಂದರೆ ಜಗಲಿಯ ಮೇಲೆ ಕೂತವರು ಕಾಲು ಇಳಿಸುತ್ತಿದ್ದರು. ನನಗಂತೂ ನಿಮ್ಮ ಮುಂದೆ ತಲೆಯೆತ್ತಿ ಮಾತಾಡಲು ಒಂದು ವರ್ಷ ಬೇಕಾಯಿತು.

ಜರ್ಮನಿಯವರು ಬರುತ್ತಾರೆ ಅಂತ ನೀವು ಊಟದ ಹೊತ್ತಿನಲ್ಲಿ ಹೇಳಿದ ದಿನ ಅತ್ತೆ ಕೇಳಿದ ಪ್ರಶ್ನೆ ನೆನಪಿದೆಯಾ? "ಅವ್ರಿಗೆ ಮುದ್ದೆ ಉಣ್ಣಾಕೆ ಬತ್ತದಾ?" ಎಲ್ಲರೂ ನಕ್ಕೆವು, ನೀವು ನಗಲಿಲ್ಲ. ಪೇಪರಿನ ತುಂಬ ಉದಾರೀಕರಣ, ವಿದೇಶಿ ಬಂಡವಾಳ ಅಂತ ಬರುತ್ತಿದ್ದ ಕಾಲ. ಜರ್ಮನಿಯಲ್ಲಿ ನಡುವಿನ ಗೋಡೆ ಬಿದ್ದು ಎರಡು ದೇಶ ಒಂದಾಗಿತ್ತಂತೆ, ಇಲ್ಲಿ ನಿಮ್ಮ ಕಾರ್ಖಾನೆಯ ಅರ್ಧ ಪಾಲು ಅವರ ಕೈಗೆ ಹೋಗಿತ್ತು. ಹೊಸ ಮೆಷಿನ್ನುಗಳ ಜೊತೆ ಡೀಟರ್ ಎಂಬ ಎಂಜಿನಿಯರ್ ಬಂದ. ಅದರ ಹಿಂದೆಯೇ ಮ್ಯಾನೇಜ್‌ಮೆಂಟಿನ ನೋಟೀಸು ಬಂತು. ತಂತಿ ಸುತ್ತುವ ಕೆಲಸ ಇನ್ನು ಮೇಲೆ ಹೊರಗೆ. ಕಾಂಪೌಂಡಿನ ಹಿಂಭಾಗದಲ್ಲಿ ಶೆಡ್ಡು, ಅದಕ್ಕೊಬ್ಬ ಕಂಟ್ರಾಕ್ಟರು, ಅದಕ್ಕೊಂದು ಬೇರೆ ಗೇಟು. ತಂತಿ ಸುತ್ತುತ್ತಿದ್ದ ಹಳೆಯ ವೈಂಡರುಗಳು ಜೋಡಣೆ ವಿಭಾಗಕ್ಕೆ ಹೋಗಬೇಕು, ಇಲ್ಲವೇ ಸ್ವಯಂ ನಿವೃತ್ತಿ ತೆಗೆದುಕೊಳ್ಳಬೇಕು. ನೀವು ಜೋಡಣೆಗೆ ಹೋದಿರಿ. ನಿಮ್ಮ ಜೊತೆಯವರು ಎಷ್ಟೋ ಮಂದಿ ಮನೆಗೆ ಹೋದರು.

ಆ ಶೆಡ್ಡಿಗೆ ಹೆಂಗಸರು ಬೇಕಂತೆ, ಬೆರಳು ಸಣ್ಣಗಿರಬೇಕಂತೆ ಅನ್ನುವ ಸುದ್ದಿ ನನಗೆ ನಲ್ಲಿಯ ಹತ್ತಿರ ಸಿಕ್ಕಿತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮೂರು ಹಸು ನೋಡಿಕೊಂಡು ಕೂತವಳು. ಹೋಗುತ್ತೇನೆ ಅಂದೆ. ನೀವು ತಟ್ಟೆಯಿಂದ ಕೈ ಎತ್ತಿಬಿಟ್ಟಿರಿ.

"ಬ್ಯಾಡ ಕಣವ್ವ. ಆ ಗೇಟು ಮಾಡಿರಾದೇ ನಮ್ಮನ್ನ ಈಚೆಗಾಕಕ್ಕೆ. ನನ್ ಮನೆ ಸೊಸೆನೇ ಅಲ್ಲಿಂದ ಒಳಕ್ಕೋದ್ರೆ ನಾನು ಯೂನಿಯನ್ ಆಫೀಸ್ನಾಗೆ ಯಾವ ಮೊಕ ಇಟ್ಕೊಂಡ್ ಕುಂತ್ಕಳ್ಳಿ?"

"ನಿಮ್ಮ ಗೇಟಿಂದ ಹೆಂಗಸ್ರನ್ನ ತಗೋತಾರಾ ಮಾವ?" ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

ಅತ್ತೆ ಮಜ್ಜಿಗೆ ಬಡಿಸುತ್ತ, "ಓಗ್ಲಿ ಬುಡಿ. ಅವ್ಳು ಓಗ್ದೆ ಇದ್ರೆ ಗೇಟ್ ಮುಚ್ಬುಡ್ತಾರಾ?" ಅಂದರು. ಅತ್ತೆ ನಿಮ್ಮ ಮಾತಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೆಳಗಿನ ಪ್ಯಾಸೆಂಜರ್ ರೈಲು ನೆನೆದರೆ ಈಗ ನಗು ಬರುತ್ತದೆ. ಒಂದೇ ಮನೆಯಿಂದ ಹೊರಟು, ಒಂದೇ ಸ್ಟೇಷನ್ನಿಗೆ ನಡೆದು, ನೀವು ಮುಂದಿನ ಡಬ್ಬಿ, ನಾನು ಹಿಂದಿನ ಡಬ್ಬಿ. ಶ್ರೀರಂಗಪಟ್ಟಣದಲ್ಲಿ ಇಳಿದರೆ ನೀವು ಮುಂದಿನ ಗೇಟು, ನಾನು ಹಿಂದಿನ ಗೇಟು. ನಾನು ಸುತ್ತಿದ ತಂತಿ ಗೋಡೆಯಾಚೆ ನಿಮ್ಮ ಬೆಂಚಿಗೆ ಬರುತ್ತಿತ್ತು, ನೀವು ಅದನ್ನು ಮೋಟಾರಿನೊಳಗೆ ಕೂರಿಸುತ್ತಿದ್ದಿರಿ. ಯಾವುದು ನನ್ನದು ಅಂತ ನಿಮಗೆ ಗೊತ್ತಾಗುತ್ತಿತ್ತಾ? ಒಂದು ಸಲವೂ ಹೇಳಲಿಲ್ಲ. ಕೇಳಲು ನನಗೂ...

ಶೆಡ್ಡಿನ ಬದುಕನ್ನು ನಾನು ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ. ಕ್ಯಾಂಟೀನು ನಮಗಿಲ್ಲ, ಬೇವಿನ ಮರದ ಕೆಳಗೆ ಬುತ್ತಿ. ಕಂಟ್ರಾಕ್ಟರು ಆಗಾಗ ಬದಲಾಗುತ್ತಿದ್ದ. ಬದಲಾದಾಗಲೆಲ್ಲ ನಾವು ಅದೇ ಸ್ಟೂಲಿನ ಮೇಲೆ ಕೂತು, ಅದೇ ತಂತಿ ಹಿಡಿದು, ಹೊಸದಾಗಿ ಸೇರಿದವರಾಗುತ್ತಿದ್ದೆವು. ನನ್ನ ಪಕ್ಕ ನಾಗಮಂಗಲದ ಕಡೆಯ ಕೆಂಪಮ್ಮ ಕೂರುತ್ತಿದ್ದಳು. "ನಾನು ಗಂಡನ್ ಮನೇಗೆ ಒಂದೇ ಕಿತ ಬಂದೆ ಕಣಮ್ಮಿ. ಈ ಶೆಡ್ಗೆ ಎಷ್ಟ್ ಕಿತ ಬಂದೆ ಅಂತ ಲೆಕ್ಕಾನೇ ಇಲ್ಲ" ಅನ್ನುತ್ತಿದ್ದಳು.

ಡೀಟರ್ ನಿಮ್ಮ ಜೊತೆ ಟೀ ಕುಡಿದ ಸಂಜೆ ನೀವು ಮನೆಗೆ ಬಂದವರೇ ನೇರ ಕೊಟ್ಟಿಗೆಗೆ ಬಂದಿರಿ. ನಾನು ಹಾಲು ಕರೆಯುತ್ತಿದ್ದೆ. ಎಷ್ಟೋ ತಿಂಗಳ ನಂತರ ನೀವಾಗಿ ಆಡಿದ ಮಾತು ಅದು.

"ಜಯಾ, ನಿಮ್ ಶೆಡ್ನಾಗೆ ದೊಡ್ಡ ಮಿಸೀನ್ ಐತಲ್ಲ, ಅದು ಹೊಸ್ದಲ್ವಂತೆ. ಅವ್ರೂರ್ನಾಗೆ ಆ ಡೀಟ್ರು ತಮ್ಮಾನೇ ಅದ್ರ ಮ್ಯಾಲೆ ಕೆಲ್ಸ ಮಾಡ್ತಿದ್ನಂತೆ. ಅಲ್ಲಿ ಆ ಸೆಕ್ಸನ್ನೇ ಮುಚ್ಬುಟ್ಟು ಇಲ್ಗೆ ತಂದವ್ರೆ."

"ಅಲ್ಲಿ ಕೆಲಸದೋರು ಸುಮ್ಮನಿದ್ರಾ ಮಾವ?"

"ಅಲ್ಲಿ ಒಂದ್ ಕೌನ್ಸಿಲ್ಲು ಅಂತ ಐತಂತೆ. ಕೆಲ್ಸದೋರೇ ಓಟಾಕಿ ತಮ್ಮೋರ್ನ ಆರುಸ್ತಾರೆ. ಮುಚ್ಚೋಕ್ ಮುಂಚೆ ಅವ್ರನ್ನ ಕೂರುಸ್ಕೊಂಡು ಮಾತಾಡ್ಲೇಬೇಕು, ಅದು ಕಾನೂನಂತೆ. ಅಂಗಾಗಿ ಅವ್ನ ತಮ್ಮಂಗೆ ಬ್ಯಾರೆ ಕೆಲ್ಸ ಕಲ್ಸಿ ಇಟ್ಕೊಂಡ್ರು. ಆದ್ರೂ ಮಿಸೀನು ಬಂದೇ ಬಂತಲ್ಲ! ಈಗ ಅಲ್ಲೂ ಹೊರಗಿನ ಏಜೆನ್ಸಿಯೋರನ್ನ ತುಂಬ್ತಾವ್ರಂತೆ. ಅವ್ರ ಪರ ಕೌನ್ಸಿಲ್ಲು ಮಾತಾಡೋದ್ ಅಷ್ಟಕ್ಕಷ್ಟೇ ಅಂದ."

ಆಮೇಲೆ ಹಸುವಿನ ಬೆನ್ನ ಮೇಲೆ ಕೈಯಾಡಿಸುತ್ತ ನಿಂತಿರಿ. ಏನು ಯೋಚಿಸುತ್ತಿದ್ದಿರಿ ಮಾವ? ನಿಮ್ಮ ಕೆಲಸ ಕಿತ್ತುಕೊಂಡವಳು ನಾನು ಅಂತ ನೀವು ಅಂದುಕೊಂಡಿದ್ದರೆ, ಡೀಟರನ ತಮ್ಮನೂ ನಮ್ಮೆಲ್ಲರ ಬಗ್ಗೆ ಹಾಗೆ ಅಂದುಕೊಳ್ಳಬಹುದಿತ್ತಲ್ಲವೇ?

ಕೆಂಪಮ್ಮ ಬಿದ್ದ ದಿನದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಸುತ್ತಿದ ತಂತಿಗೆ ವಾರ್ನಿಷ್ ಹಾಕಿ ಒಣಗಿಸುವ ಒಲೆ ಶೆಡ್ಡಿನೊಳಗೇ ಇತ್ತು. ಮಳೆ ಅಂತ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ಘಾಟು ತಲೆಗೇರಿ ಕೆಂಪಮ್ಮ ಸ್ಟೂಲಿನಿಂದ ಹಾಗೇ ಜಾರಿದಳು. ಪ್ರಥಮ ಚಿಕಿತ್ಸೆ ಕೋಣೆ ಗೋಡೆಯಾಚೆ, ನಿಮ್ಮ ಕಡೆ. ನಡುವಿನ ಕಬ್ಬಿಣದ ಬಾಗಿಲಿಗೆ ಬೀಗ. ವಾಚ್‌ಮನ್ನು, "ಕಂಟ್ರಾಕ್ಟ್‌ನೋರ್ನ ಈ ಕಡೆ ಬುಡಾಂಗಿಲ್ಲ ಕಣಮ್ಮ, ನನ್ ಕೆಲ್ಸ ಓಯ್ತದೆ" ಅಂದ. ನಾನು ಬಾಗಿಲು ಬಡಿದೆ. ನಿಮ್ಮ ಹೆಸರು ಹಿಡಿದು ಕೂಗುವಂತಿಲ್ಲ, "ಮಾವಾ, ಮಾವಾ" ಅಂತ ಕಿರುಚಿದೆ. ಅಲ್ಲಿದ್ದ ಗಂಡಸರಲ್ಲಿ ಯಾರ ಸೊಸೆ ಕೂಗುತ್ತಿದ್ದಾಳೆ ಅಂತ ಯಾರಿಗೆ ಗೊತ್ತಾಗಬೇಕು? ನಿಮಗೆ ಗೊತ್ತಾಯಿತು. ನೀವು ಬಂದು ವಾಚ್‌ಮನ್ನಿನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡು ಬಾಗಿಲು ತೆಗೆದಿರಿ, ಕೆಂಪಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದಿರಿ. ಅವಳು ಉಳಿದಳು. ಮರುದಿನ ಬೆಳಗ್ಗೆ ರೈಲು ಬಂದಾಗ ನೀವು ಹಿಂದಿನ ಡಬ್ಬಿ ಹತ್ತಿ ನನ್ನ ಎದುರು ಕೂತಿರಿ. "ಜರುಗ್ಕೋ, ಬುತ್ತಿ ಇಡ್ಬೇಕು" ಅಂದಿರಿ, ಅಷ್ಟೇ.

ಯೂನಿಯನ್ ಸಭೆಯಲ್ಲಿ ಕಂಟ್ರಾಕ್ಟ್ ಹೆಂಗಸರನ್ನೂ ಸದಸ್ಯರಾಗಿ ಸೇರಿಸಿಕೊಳ್ಳಬೇಕು ಅಂತ ನೀವು ಎದ್ದು ನಿಂತದ್ದನ್ನು ನನಗೆ ಬೇರೆಯವರು ಹೇಳಿದರು. ನಿಮ್ಮ ಬೆಂಚಿನವರೇ ಆದ ಚಿಕ್ಕೇಗೌಡರು, "ನಿನ್ ಸೊಸೆ ಅವ್ಳೆ ಅಂತ ಏಳ್ತಾ ಇದ್ದೀಯಾ ಕಣ್ಲಾ. ನಮ್ ಅನ್ನ ತಿಂದೋರ್ನ ನಮ್ ಪಂಕ್ತೀಲೇ ಕೂರ್ಸು ಅಂತೀಯಾ?" ಅಂದರಂತೆ. ಮುಂದಿನ ಚುನಾವಣೆಯಲ್ಲಿ ನಿಮ್ಮನ್ನು ಸೋಲಿಸಿ ಅವರನ್ನೇ ಕಾರ್ಯದರ್ಶಿ ಮಾಡಿದರು. ಸೋತು ಬಂದ ದಿನ ನೀವು ಎರಡು ಮುದ್ದೆ ಉಂಡಿರಿ.

ಪಾಂಡವಪುರದ ಪ್ಲಾಟ್‌ಫಾರಮ್ಮಿನಲ್ಲಿ ಆ ಕೊನೆಯ ಬೆಳಗ್ಗೆಯೂ ನೀವು ಚಿಕ್ಕೇಗೌಡರ ಜೊತೆ ವಾದಿಸುತ್ತಿದ್ದಿರಿ. "ಇವತ್ತು ಅವ್ರನ್ನ ಹೊರಗಿಟ್ರೆ ನಾಳೆ ನಮ್ಮನ್ನ ಕಳ್ಸೋದು ಸಲೀಸು ಕಣ್ಲಾ, ಯೋಸ್ನೆ ಮಾಡು..." ಅಲ್ಲಿಗೆ ನಿಂತಿತು. ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿರಿ. ರೈಲು ಬಂತು, ಹೋಯಿತು. ನಿಮ್ಮ ತಲೆ ಚಿಕ್ಕೇಗೌಡರ ತೋಳಿನ ಮೇಲಿತ್ತು. "ಲೇ ಮರೀಗೌಡ, ಎದ್ದೇಳ್ಲಾ, ಬೈಯ್ಲಾ ನನ್ನ" ಅಂತ ಅವರು ಅಳುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ.

ನೀವು ಹೋಗಿ ವರ್ಷ ತುಂಬುವ ಮೊದಲೇ ನೀವು ಹೇಳಿದ್ದು ಆಯಿತು. ಜೋಡಣೆ ವಿಭಾಗವನ್ನೂ ಹೊರಗೆ ಕೊಡುತ್ತೇವೆ ಅಂದರು. ಒಪ್ಪದ ಕಾಯಂನವರೆಲ್ಲ ಕೆಲಸ ನಿಲ್ಲಿಸಿ ಮುಂದಿನ ಗೇಟಿನ ಹೊರಗೆ ಕೂತರು. ನಾವು ಹಿಂದಿನ ಗೇಟಿನಿಂದ ಒಳಗೆ ಹೋಗುತ್ತಲೇ ಇದ್ದೆವು. ಒಂದು ಮಧ್ಯಾಹ್ನ ಬೇವಿನ ಮರದ ಹತ್ತಿರ, ಬೇಲಿಯಾಚೆ, ಚಿಕ್ಕೇಗೌಡರು ಬಂದು ನಿಂತರು. ಹೆಗಲ ಟವೆಲ್ಲು ಕೈಯಲ್ಲಿತ್ತು.

"ನೀವು ತಂತಿ ಸುತ್ತಾದು ನಿಲ್ಸುದ್ರೆ ಅವ್ರು ಯಾರ್ನ ತಂದ್ರೂ ಮೋಟ್ರು ಆಗಾಕಿಲ್ಲ ಕಣವ್ವಾ. ಕೇಳಾಕೆ ನಂಗೆ ಮೊಕ ಇಲ್ಲ. ಆದ್ರೂ ಕೇಳ್ತಾ ಇವ್ನಿ."

ಹೆಂಗಸರು ರೇಗಿದರು. ನಮ್ಮನ್ನು ಬೇಡ ಅಂದವರಿಗೆ ನಾವು ಯಾಕೆ ಕೂಲಿ ಕಳೆದುಕೊಳ್ಳಬೇಕು? ಅವರು ಹಾಗೆ ರೇಗಿದ್ದು ತಪ್ಪೇ? ನನ್ನೊಳಗೂ ಅದೇ ಕುದಿಯುತ್ತಿತ್ತು. ನಿಮ್ಮನ್ನು ಸೋಲಿಸಿದ ಮನುಷ್ಯ ನನ್ನ ಎದುರು ನಿಂತಿದ್ದರು. "ನಮ್ಮನ್ನ ಸೇರುಸ್ಕೋತೀರಾ?" ಅಂತ ಮಾತ್ರ ಕೇಳಿದೆ. ಅವರು ತಲೆಯಾಡಿಸಿದರು. "ತಲೆ ಆಡುಸ್ಬ್ಯಾಡಿ, ಬಾಯ್ಬುಟ್ಟು ಏಳಿ" ಅಂದಳು ಕೆಂಪಮ್ಮ. ಅವರು ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು. ಮರುದಿನ ನಾವ್ಯಾರೂ ಶೆಡ್ಡಿನೊಳಗೆ ಹೋಗಲಿಲ್ಲ. ಕಾರ್ಖಾನೆಯ ಸುತ್ತ ನಡೆದು ಹೋಗಿ ಮುಂದಿನ ಗೇಟಿನಲ್ಲಿ ಗಂಡಸರ ಪಕ್ಕ ಕೂತೆವು. ಒಬ್ಬಿಬ್ಬರು ಮುಖ ತಿರುಗಿಸಿದರು. ಮಿಕ್ಕವರು ಜರುಗಿ ಜಾಗ ಕೊಟ್ಟರು.

ಮ್ಯಾನೇಜ್‌ಮೆಂಟಿನವರು ಮಾತುಕತೆಗೆ ಕರೆಯುವಷ್ಟರಲ್ಲಿ ಕೂಲಿಯಿಲ್ಲದೆ ನಮ್ಮ ಕೈ ಬರಿದಾಗಿತ್ತು, ಕೆಲವರು ತಾಳಲಾರದೆ ಕೆಲಸ ಬಿಟ್ಟೇ ಹೋಗಿದ್ದರು. ಮೇಜಿನ ಈಚೆ ಯೂನಿಯನ್ನಿನವರ ಜೊತೆ ನನ್ನನ್ನೂ ಕೂರಿಸಿದರು. ಗೆದ್ದೆವು ಅಂತ ಹೇಳಲಾರೆ ಮಾವ, ನಿಮಗೆ ಸುಳ್ಳು ಹೇಳಿ ಏನಾಗಬೇಕು? ಜೋಡಣೆ ಸದ್ಯಕ್ಕೆ ಒಳಗೇ ಉಳಿಯಿತು. ನಮ್ಮನ್ನು ಕಾಯಂ ಮಾಡಲಿಲ್ಲ. ಕಂಟ್ರಾಕ್ಟರು ಬದಲಾದರೂ ನಮ್ಮ ಹಳೆಯ ಸೇವೆ ಇನ್ನು ಅಳಿಯುವುದಿಲ್ಲ. ವಾರ್ನಿಷ್ ಒಲೆಯನ್ನು ಶೆಡ್ಡಿನ ಹೊರಗಿಟ್ಟರು. ಮುಂದೆ ಮತ್ತೇನು ತರುತ್ತಾರೋ.

ಈಗ ಸುದ್ದಿ. ಕಳೆದ ಭಾನುವಾರ ಸಭೆಯಾಯಿತು. ಕಂಟ್ರಾಕ್ಟಿನವರೂ ಯೂನಿಯನ್ ಸದಸ್ಯರು ಅಂತ ನಿಯಮವನ್ನೇ ಬದಲಿಸಿದರು. ವಿರೋಧ ಇರಲಿಲ್ಲ ಅಂತಲ್ಲ, ಇತ್ತು. ಆದರೂ ಆಯಿತು. ಕಾರ್ಯದರ್ಶಿ ಯಾರು ಅಂದಾಗ ಕೆಂಪಮ್ಮ ನನ್ನ ಹೆಸರು ಹೇಳಿದಳು, ಚಿಕ್ಕೇಗೌಡರು ಅನುಮೋದಿಸಿದರು. ನಾನು ಬೇಡ ಅನ್ನಲಿಲ್ಲ, ನಿಮ್ಮ ಜಾಗಕ್ಕೆ ನನ್ನನ್ನೇ ಆರಿಸಿದರು.

ಇನ್ನೊಂದಿದೆ. ಅದೇ ರಸ್ತೆಯಲ್ಲಿ ಬಟ್ಟೆ ಹೊಲಿಯುವ ಹೊಸ ಶೆಡ್ಡೊಂದಾಗಿದೆ. ಅಲ್ಲಿನ ಹೆಣ್ಣುಮಕ್ಕಳು, "ಬಂದು ಮಾತಾಡಿ ಅಕ್ಕಾ" ಅಂತ ಹೇಳಿ ಕಳಿಸಿದ್ದಾರೆ. ನನ್ನ ಮಾತು ಕೇಳಿ ಅವರ ಕೆಲಸ ಹೋದರೆ ಅಂತ ಹೆದರಿಕೆ. ಹೋಗದಿದ್ದರೆ ಅನ್ನುವುದು ಅದಕ್ಕಿಂತ ದೊಡ್ಡ ಹೆದರಿಕೆ. ನಾಳೆ ಹೋಗುತ್ತೇನೆ. ಇದನ್ನು ಹೇಳಿದಾಗ, ಮದುವೆ ಮುಂಜಿಗಲ್ಲದೆ ಊರು ಬಿಟ್ಟು ಕದಲದ ಅತ್ತೆ ಪೆಟ್ಟಿಗೆಯಿಂದ ತಮ್ಮ ಒಳ್ಳೆಯ ಸೀರೆ ತೆಗೆದು ಕೊಡವಿದರು.

"ನಾನೂ ಬತ್ತೀನಿ ಕಣವ್ವ" ಅಂದರು. "ನೀನು ಮಾತಾಡು. ನಾನು ಪಕ್ದಾಗೆ ಕುಂತಿರ್ತೀನಿ."

ನಿಮ್ಮ ಸೊಸೆ,
ಜಯಮ್ಮ