ಮುಡಿಪಿಗೆ ಕಟ್ಟಿದ ವಿಲಿಯಂ

೬ ಆಗಸ್ಟ್ ೧೯೭೪, ಮಂಗಳವಾರ. ಬೈಲಹೊಂಗಲ

ಮಳೆಗಾಲದ ತೇವ. ಡಬ್ಬಿ ತೆಗೆದು ನಾಣ್ಯಗಳನ್ನು ಒಂದೊಂದಾಗಿ ಹಳೆ ಧೋತರದ ಚೂರಿನಿಂದ ಒತ್ತಿದೆ. ಉಜ್ಜಬಾರದು, ಒತ್ತಬೇಕು. ವಿಕ್ಟೋರಿಯಾ ಇದ್ದಾಳೆ. ಜಾರ್ಜ್‌ಗಳು ಇದ್ದಾರೆ. ವಿಲಿಯಂ ಇಲ್ಲ! ವಿಲಿಯಂ ದೊರೆಯ ತಲೆ ಇರುವ ೧೮೩೫ರ ಕಂಪನಿ ರೂಪಾಯಿ. ನನ್ನ ಹತ್ತಿರ ಇರುವುದೇ ಅದೊಂದು.

ಹೆಂಡತಿ ಸಾವಂತ್ರೆವ್ವ ಮಗಳ ಹಣೆಗೆ ಒದ್ದೆ ಪಟ್ಟಿ ಹಾಕುತ್ತಲೇ ಹೇಳಿದಳು, "ನಾನ ತಗೊಂಡೇನ್ರಿ. ಕೂಸಿನ ಜ್ವರ ಇಳೀವಲ್ದು. ಎಲ್ಲವ್ವಗ ಮುಡಪು ಕಟ್ಟೇನಿ."

"ಅಷ್ಟೊಂದ ಜಾರ್ಜ್ ಬಿದ್ದಾವು, ಅದರಾಗಿಂದ ಒಂದ ಕಟ್ಟಾಕ ಆಗಲಿಲ್ಲೇನ?"

"ನಿಮ್ಮ ಜೀವ ಯಾವುದರಾಗ ಐತಿ ನನಗ ಗೊತ್ತಿಲ್ಲೇನ್ರಿ? ಬ್ಯಾಡಾದ್ದು ಕೊಟ್ರ ತಾಯಿ ಒಪ್ಪತಾಳೇನು? ಆರಾಮಾದ ಮ್ಯಾಲ ಗುಡ್ಡಕ್ಕ ಹೋಗಿ ಹುಂಡ್ಯಾಗ ಹಾಕೂಣು. ಅಲ್ಲೀತನಾ ಗಂಟು ಬಿಚ್ಚಂಗಿಲ್ಲ."

ಮೈಯೆಲ್ಲ ಉರಿಯಿತು. ದೇವರ ಜಗಲಿಯ ಮೇಲೆ ಹಳದಿ ಬಟ್ಟೆಯ ಗಂಟು. ಒಳಗೆ ಒದ್ದೆ ಅರಿಶಿನ. ಒದ್ದೆ! ಬೆಳ್ಳಿಗೆ ಕಲೆ ಕೂರುತ್ತದೆ ಎಂದು ಯಾರಿಗೆ ಹೇಳಲಿ…

೭ ಆಗಸ್ಟ್, ಬೆಳಿಗ್ಗೆ

ಅವಳು ನೀರಿಗೆ ಹೋದಳು. ಗಂಟು ಬಿಚ್ಚಿದೆ. ವಿಲಿಯಂ ಹೊರಗೆ, ಜಾರ್ಜ್ ಒಳಗೆ. ಮೊದಲಿನ ಹಾಗೆಯೇ ಬಿಗಿದಿಟ್ಟೆ. ದೇವಿಗೆ ರಾಜ ಯಾರಾದರೇನು? ಬೆಳ್ಳಿ ತಾನೇ. ಮಗಳು ಲಗಮವ್ವನ ಜ್ವರವೂ ಇಳಿದಿದೆ — ಗಂಜಿ ಕುಡಿದು ನಕ್ಕಳು.

೧೬ ಆಗಸ್ಟ್, ಶುಕ್ರವಾರ, ಬೆಳಿಗ್ಗೆ

ಜ್ವರ ಮತ್ತೆ ಏರಿದೆ. ಏನೇನೋ ಬಡಬಡಿಸುತ್ತಾಳೆ. ಅಪ್ಪನ ಗುರುತೇ ಇಲ್ಲ. ಡಾಕ್ಟರ್ ಹೇಳಿದ್ದು, "ಟೈಫಾಯ್ಡ್ ಒಮ್ಮೊಮ್ಮೆ ಹಿಂಗ ಮರಕಳಸತೈತ್ರಿ." ಗೊತ್ತು. ಗಂಟಿಗೂ ಜ್ವರಕ್ಕೂ ಸಂಬಂಧವಿಲ್ಲ. ಅದೂ ಗೊತ್ತು. ಆದರೆ ಸಾವಂತ್ರೆವ್ವ ಜಗಲಿಯ ಮುಂದೆ ಸೆರಗೊಡ್ಡಿ ಕೂತಿದ್ದಳು. "ತಾಯಿ, ಅವರ ಜೀವದಂಥಾದ್ದ ನಿನಗ ಇಟ್ಟೇನವ್ವಾ, ಮತ್ತೇನ ಬೇಕ ನಿನಗ?"

ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡಬ್ಬಿ ತೆಗೆದು, ವಿಲಿಯಂನನ್ನು ಹುಡುಕಿ ನನ್ನ ಅಂಗಿಯ ಕಿಸೆಗೆ ಹಾಕಿದಳು.

"ಈಗಿಂದೀಗ ಗುಡ್ಡಕ್ಕ ಹೋಗ್ರಿ. ಹಾಕಲಾರದ ಮನಿಗೆ ಬರಬ್ಯಾಡ್ರಿ."

ಅದೇ ದಿನ, ಮಧ್ಯಾಹ್ನ. ಉಗರಗೋಳ

ಹಾಕಿದೆ. ಹುಂಡಿಯೊಳಗೆ ಠಣ್ ಎಂದು ಬಿತ್ತು. ಥೂ ನನ್ನ ಜನ್ಮಕ್ಕಿಷ್ಟು — ಅಂಚಿಗೆ ಪೆಟ್ಟಾಯಿತೇನೋ ಎಂದೇ ಮೊದಲು ಅನ್ನಿಸಿತು. ಮಗಳು ನೆನಪಾದದ್ದು ಆಮೇಲೆ.

ಗುಡ್ಡ ಇಳಿದು ಬಸ್ಸಿಗೆ ಕಾಯುತ್ತಿದ್ದೇನೆ. ಅವಳಿಗೆ ಈಗ ಹೇಗಿದೆಯೋ. ನಮ್ಮೂರ ಕಡೆಯಿಂದ ಒಂದು ಬಸ್ ಬಂತು. ಪಕ್ಕದ ಮನೆಯ ರಹಿಮಾನಸಾಬ ಇಳಿದ. ಅವನಿಗೆ ಇಲ್ಲೇನು ಕೆಲಸ? ಯಾರನ್ನೋ ಹುಡುಕುತ್ತಿದ್ದಾನೆ. ನನ್ನನ್ನು ಕಂಡ. ಕೂಗಲಿಲ್ಲ. ಓಡಿಯೂ ಬರುತ್ತಿಲ್ಲ. ನೆಲ ನೋಡುತ್ತ, ನಿಧಾನವಾಗಿ…