ಓರಗಿತ್ತಿಯ ಒಣ ಕೈ

ನವೆಂಬರ್ ೯, ಗುರುವಾರ

ಮದುವೆಯ ಬಿಳಿ ರೇಷ್ಮೆ ಗೌನು ಇವತ್ತೂ ಓರಗಿತ್ತಿಯ ಪಾಲಿಗೇ ಹೋಯಿತು. "ಬಿಳೀದು ನಾನು ಹೊಲೀತೀನಿ ಅಕ್ಕ, ನೀವು ಕಪ್ಪು ಕೋಟು ನೋಡ್ಕೊಳ್ಳಿ" ಅಂದಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅತ್ತೆ ಬಟ್ಟೆಯನ್ನು ಅವಳ ಕಡೆ ತಳ್ಳಿದರು. ಹೊಲಿಗೆ ಅಂಗಡಿ ಅವರದು, ನಿಜ. ಆದರೆ ಇವಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದವಳು ನಾನು.

ನನ್ನ ಅಂಗೈಯಿಂದ ಈ ಚಳಿಯಲ್ಲೂ ಬೆವರು ತೊಟ್ಟಿಕ್ಕುತ್ತದೆ; ಬಿಳಿ ರೇಷ್ಮೆ ಮುಟ್ಟಿದರೆ ಕಲೆ. ಪೌಡರ್ ಹಚ್ಚಿದರೆ ಹಿಟ್ಟು ಕಲಸಿದ ಹಾಗಾಗುತ್ತದೆ. ಅವಳ ಕೈ ಬೆಳಗಿನಿಂದ ಸಂಜೆಯವರೆಗೂ ಕಾಗದದಷ್ಟು ಒಣ. ಅದನ್ನು ನೋಡಿ ಹೊಟ್ಟೆ ಧಗಧಗ ಉರಿಯುತ್ತದೆ. ಅಷ್ಟು ಉರಿದರೂ ಈ ಕೈ ಒಣಗುವುದಿಲ್ಲವಲ್ಲ.

ಹೋಗಲಿ, ಬಟ್ಟೆ ಅವಳಿಗೇ ಇರಲಿ. ಸಂಜೆ ಅಂಗಡಿ ಮುಚ್ಚಿ ರಸ್ತೆ ದಾಟುವಾಗ ನನ್ನ ಮಗಳು ನನ್ನ ಕೈ ಬಿಡಿಸಿಕೊಂಡು ಅವಳ ಕೈ ಹಿಡಿದಳು. "ಅಮ್ಮನ ಕೈ ಜಾರತ್ತೆ ಚಿಕ್ಕಮ್ಮ" ಅಂದಳು. ಓರಗಿತ್ತಿ ನನ್ನ ಕಡೆ ನೋಡದೆ, ಕರವಸ್ತ್ರ ತೆಗೆದು ಮಗುವಿನ ಅಂಗೈ ಒರೆಸಿದಳು. ಒರೆಸಿದ್ದು ನನ್ನ ಬೆವರನ್ನು.

ಬೆವರು ಬರಿಸುವ ನರವನ್ನೇ ಕತ್ತರಿಸಬಹುದು ಅಂತ ಡಾಕ್ಟರು ಹೋದ ವಾರ ಹೇಳಿದ್ದರು. "ಕೈ ಒಣಗತ್ತೆ, ಆದ್ರೆ ಆಮೇಲೆ ಬೆನ್ನಲ್ಲಿ ಸುರಿಯೋಕೆ ಶುರುವಾಗಬಹುದು. ಯೋಚನೆ ಮಾಡಿ" ಅಂದರು. ಹೆದರಿ ಎದ್ದು ಬಂದಿದ್ದೆ.

ಈಗ ಕೈ ಕೆಳಗೆ ಟವೆಲ್ ಹಾಸಿಕೊಂಡು ಬರೆಯುತ್ತಿದ್ದೇನೆ. ಅದೂ ಒದ್ದೆಯಾಯಿತು. ನಾಳೆ ಡಾಕ್ಟರಿಗೆ ನರ ಕತ್ತರಿಸಿ ಅಂತ ಹೇಳಿಬಿಡುತ್ತೇನೆ. ಬೆನ್ನು ಸುರಿದರೆ ಸುರಿಯಲಿ. ರಸ್ತೆ ದಾಟುವಾಗ ಬೆನ್ನನ್ನು ಯಾರೂ ಹಿಡಿದುಕೊಳ್ಳುವುದಿಲ್ಲ.